ಅಗ್ನಿಕೇತುವಿಗೆ ಏಳು ದಿನದ ನೋಟೀಸು

ನಾನು ನನ್ನ ಜೀವನದಲ್ಲಿ ಒಂದು ಡ್ರ್ಯಾಗನ್ನನ್ನು ಒಕ್ಕಲೆಬ್ಬಿಸಿದ್ದೇನೆ. ಕೊಂದಿಲ್ಲ, ಗಮನಿಸಿ. ಕತ್ತಿ ಹಿಡಿದು ಕೊಲ್ಲುವವರು ಎಲ್ಲ ದೇಶಗಳಲ್ಲೂ ಇದ್ದಾರೆ, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಕಾಯಿದೆ ಪ್ರಕಾರ ನೋಟೀಸು ಕೊಟ್ಟು, ಮಹಜರು ಮಾಡಿಸಿ, ಬಾಗಿಲಲ್ಲಿ ಮೂರು ಸಲ ಕೂಗಿಸಿ, ಮೇಲಧಿಕಾರಿಯಿಂದ ಆದೇಶ ಬರೆಸಿ ಒಕ್ಕಲೆಬ್ಬಿಸಿದವನು ನನಗೆ ತಿಳಿದ ಮಟ್ಟಿಗೆ ಹಳೇಬೀಡಿನ ಎಂ. ನಟರಾಜ್ ಒಬ್ಬನೇ. ಅದು ನಾನು.

ಆಗ ನಾನು ದ್ವಿತೀಯ ದರ್ಜೆ ಗುಮಾಸ್ತ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ, ಪಿಂಚಣಿ ಇನ್ನೂ ಬರುತ್ತಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ ಎಂದಷ್ಟೇ ಹೇಳಬಲ್ಲೆ. ನನ್ನದು ಟಪಾಲು ವಿಭಾಗ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು. ಹದಿನೇಳು ವರ್ಷದಲ್ಲಿ ನನ್ನ ಮೇಜಿಗೆ ಬಂದ ಒಂದೇ ಒಂದು ಕಾಗದ ನಂಬರಿಲ್ಲದೆ ಆಚೆ ಹೋಗಿಲ್ಲ. ಒಮ್ಮೆ ಹೋಟೆಲಿನವನು ಕಳಿಸಿದ ಉಪ್ಪಿಟ್ಟಿನ ಚೀಟಿಗೂ ನಂಬರು ಬಿದ್ದು, ಅದು ಜಿಲ್ಲಾ ಕೇಂದ್ರದವರೆಗೆ ಹೋಗಿ, ‘ಪರಿಶೀಲಿಸಿ ಮಂಡಿಸಿ’ ಎಂದು ಷರಾ ಬರೆಸಿಕೊಂಡು ವಾಪಸು ಬಂದಿತ್ತು. ನಮ್ಮಪ್ಪ ಮರಿಯಣ್ಣ ಇದೇ ಇಲಾಖೆಯಲ್ಲಿ ತೋಟಿಯಾಗಿದ್ದವರು. ಇನ್ನೊಬ್ಬರು ಬರೆದ ನೋಟೀಸನ್ನು ಬಿಸಿಲಲ್ಲಿ ಹಳ್ಳಿ ಹಳ್ಳಿ ನಡೆದು ಮುಟ್ಟಿಸಿ ಬರುತ್ತಿದ್ದರು. ಅವರ ಮಗ ನಾನು ಅದೇ ನೋಟೀಸನ್ನು ಬರೆಯುವವನಾದೆ. ಹಾಗಾಗಿ ನನ್ನ ಕೈಯಿಂದ ಹೊರಡುವ ನೋಟೀಸಿನಲ್ಲಿ ತಂದೆಯ ಹೆಸರಾಗಲಿ, ನಾಲ್ಕು ದಿಕ್ಕಿನ ಚಕ್ಕುಬಂದಿಯಾಗಲಿ ಒಂದು ಗೇಣೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಆ ವರ್ಷ ಪ್ರಥಮ ದರ್ಜೆಯ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು. ಆದೇಶ ಬರುವ ಮೊದಲೇ ನಮ್ಮವ್ವ ಮುದ್ದಮ್ಮ ಇಡೀ ಬೀದಿಗೆ ಹೇಳಿ ಮುಗಿಸಿದ್ದಳು.

ಎರಡು ಸಾವಿರದ ಇಸವಿಯ ದಸರಾ ರಜೆ. ನನ್ನ ಹೆಂಡತಿ ಮಂಜುಳಾ ಪ್ರೈಮರಿ ಶಾಲೆಯ ಟೀಚರು, ಅರಸೀಕೆರೆಯವಳು. ಅವಳ ತಮ್ಮ ಸ್ವಾಮಿ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಬಂದವನು ಊಟವಾದ ಮೇಲೆ ಚೀಲದಿಂದ ಜೆರಾಕ್ಸ್ ಮಾಡಿಸಿದ ಒಂದು ದಪ್ಪ ಪುಸ್ತಕವನ್ನೂ, ಇಪ್ಪತ್ತು ಮುಖದ ಒಂದು ದಾಳವನ್ನೂ ಮೇಜಿನ ಮೇಲಿಟ್ಟ.

“ಇದ್ರಲ್ಲಿ ನಾನು ಕಥೆ ಹೇಳ್ತಾ ಹೋಗ್ತೀನಿ ಭಾವ. ನೀವು ಅದ್ರೊಳಗೆ ಒಂದೊಂದು ಪಾತ್ರ. ಎದುರಿಗೆ ರಾಕ್ಷಸ ಬರ್ತಾನೋ, ಬಾಗಿಲು ಹಾಕ್ಕೊಂಡಿರುತ್ತೋ, ನೀವು ಏನು ಮಾಡ್ತೀರಿ ಅಂತ ಹೇಳ್ಬೇಕು. ಅದು ಆಗುತ್ತೋ ಇಲ್ವೋ ದಾಳ ಹೇಳುತ್ತೆ.”

“ಹೊಡೆದಾಟ ಇರ್ತದೇನಯ್ಯ?” ಎಂದು ಕೇಳಿದವರು ಪಕ್ಕದ ಮನೆಯ ಏಕಾಂತಯ್ಯನವರು. ತೆಂಗಿನಕಾಯಿ ಮಂಡಿ, ಬಸ್ತಿಹಳ್ಳಿಯಲ್ಲಿ ತೋಟ, ಮಠದ ಸಮಿತಿಯಲ್ಲಿ ಕುರ್ಚಿ. ನಮ್ಮ ಪೇಪರು ಓದಲು ಬಂದವರು ಎಲೆಅಡಿಕೆ ಹಾಕಿಕೊಂಡು ಅಲ್ಲೇ ಕೂತಿದ್ದರು.

“ಇರ್ತದೆ ಸಾರ್. ಆದ್ರೆ ನಾನು ಆಡ್ಸೋ ಆಟದಲ್ಲಿ ಹೊಡೆದಾಡಿದ್ರೆ ಹತ್ತು ಅಂಕ, ತಲೆ ಓಡ್ಸಿದ್ರೆ ಐವತ್ತು.”

“ನಂಗೆ ಹತ್ತೇ ಸಾಕು. ಒಂದು ಕತ್ತಿ ಕೊಡು. ದೊಡ್ಡದು.”

ಹೀಗೆ ಏಕಾಂತಯ್ಯನವರು ಮಹಾಯೋಧರಾಗಿ, ಅರವತ್ತು ಕೆಜಿ ಕವಚ ತೊಟ್ಟು, ಸೇತುವೆ ಕಾಯುತ್ತಿದ್ದ ದೈತ್ಯನ ಮೇಲೆ ಬಿದ್ದರು. ದಾಳದಲ್ಲಿ ಒಂದು ಬಿತ್ತು. ಕಾಲು ಜಾರಿ ಹೊಳೆಗೆ ಬಿದ್ದು ಸತ್ತರು ಎಂದು ಸ್ವಾಮಿ ತಿಳಿಸಿದ.

“ಸಾಯೋದು ಹೆಂಗಯ್ಯ? ಯಗಚಿ ತುಂಬಿ ಹರಿಯೋವಾಗ ಈಜಿದೋನು ನಾನು!”

“ಕವಚ ಇತ್ತಲ್ಲ ಸಾರ್.”

“ಬಿಚ್ಚಾಕಿದೆ ಅಂತ ತಿಳ್ಕೊ.”

“ಈಗ ಬಿಚ್ಚಕ್ಕಾಗಲ್ಲ ಸಾರ್, ಸತ್ತೋಗಿದೀರ.”

ಮನೆಗೆ ಕರೆದು ಮೂರು ನಿಮಿಷಕ್ಕೆ ಸಾಯಿಸುವ ಜನ ನಾವು ಎಂದು ಗೊಣಗುತ್ತಾ ಏಕಾಂತಯ್ಯನವರು ಟವೆಲ್ ಕೊಡವಿ ಹೊರಟೇಹೋದರು. ಪೇಪರನ್ನೂ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ನಡೆದದ್ದು ಅವರಿಗೆ ಗೊತ್ತಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮಂಜುಳಾ ಮಾಂತ್ರಿಕಳಾಗಿದ್ದಳು. ಮಂತ್ರ ಗಿಂತ್ರ ಏನೂ ಹಾಕಲಿಲ್ಲ. ಅದೇ ದೈತ್ಯನ ಮುಂದೆ ನಿಂತು “ಹದಿನೇಳರ ಮಗ್ಗಿ ಹೇಳು ನೋಡೋಣ” ಎಂದಳು. ದೈತ್ಯ ಹದಿನೇಳು ಆರಲದಲ್ಲಿ ಸಿಕ್ಕಿಕೊಂಡು ಸೇತುವೆ ಬಿಟ್ಟು ಓಡಿದ. ಐವತ್ತು ಅಂಕ.

ನನ್ನ ಸರದಿ. “ಭಾವ, ಯೋಧ, ಕಳ್ಳ, ಬೇಟೆಗಾರ, ಏನಾಗ್ತೀರಾ?”

“ಗುಮಾಸ್ತ.”

“ಅಂಥದ್ದು ಪುಸ್ತಕದಲ್ಲಿ ಇಲ್ಲ ಭಾವ.”

“ರಾಜ ಇದಾನೆ ತಾನೇ? ಅವನಿಗೆ ಕಚೇರಿ ಇರಲ್ವಾ? ಕಚೇರಿ ಅಂದ ಮೇಲೆ ಗುಮಾಸ್ತ ಇಲ್ದೆ ಇರ್ತಾನಾ?”

ಸ್ವಾಮಿ ತಲೆ ಕೆರೆದುಕೊಂಡು ಒಪ್ಪಿದ. ಆಯುಧದ ಜಾಗದಲ್ಲಿ ‘ಪೆನ್ನು, ಮೊಹರು, ಗುಂಡುಸೂಜಿ’ ಎಂದು ಬರೆಸಿದೆ. ಗುಡ್ಡ ಹತ್ತಿ ಗುಹೆಯ ಮುಂದೆ ಬಂದೆವು. ಸ್ವಾಮಿ ಕುರ್ಚಿಯ ಮೇಲೆ ಹತ್ತಿ, ಎರಡು ಕೈ ಚಾಚಿ, ನಾಲ್ಕುನೂರು ವರ್ಷದಿಂದ ಈ ಗುಹೆಯಲ್ಲಿ ಕೂತು ಸುತ್ತಲ ಹಳ್ಳಿಗಳ ಮೇಲೆ ಬೆಂಕಿ ಉಗುಳುತ್ತಿರುವ ಡ್ರ್ಯಾಗನ್ ತಾನು, ಇದುವರೆಗೆ ಮುನ್ನೂರು ವೀರರನ್ನು ಸುಟ್ಟಿದ್ದೇನೆ ಎಂದು ಗರ್ಜಿಸಿದ. ಒಳಗೆ ರಾಗಿ ಕೇರುತ್ತಿದ್ದ ನಮ್ಮವ್ವ ಮೊರ ಹಿಡಿದುಕೊಂಡೇ ಆಚೆ ಬಂದು ನೋಡಿ ಮತ್ತೆ ಒಳಗೆ ಹೋದಳು.

“ನಾಲ್ಕುನೂರು ವರ್ಷ,” ಎಂದೆ ನಾನು. “ಮಂಜೂರಾತಿ ಪತ್ರ ಇದೆಯಾ?”

ಡ್ರ್ಯಾಗನ್ನಿನ ಕೈ ಅರ್ಧ ಇಳಿಯಿತು. “ಏನು?”

“ಗುಹೆ ಯಾರ ಹೆಸರಲ್ಲಿದೆ? ಸುಮ್ನೆ ಬಂದು ಕೂತಿರೋದು ತಾನೇ? ಅದು ಒತ್ತುವರಿ.”

ಮೇಜಿನ ಮೇಲೆ, ಭಾನುವಾರ ಮನೆಯಲ್ಲಿ ಬರೆದು ಮುಗಿಸಲು ತಂದಿದ್ದ ಮೂವತ್ತು ಒತ್ತುವರಿ ನೋಟೀಸು ಇದ್ದವು. ಅದೇ ಕಟ್ಟಿನಲ್ಲಿ ಹೆಚ್ಚಿಗೆ ಇದ್ದ ಒಂದು ಖಾಲಿ ಹಾಳೆ ಎಳೆದುಕೊಂಡೆ. ಹೆಸರು ಕೇಳಿದೆ. ಸ್ವಾಮಿ ಯೋಚಿಸಿ ಅಗ್ನಿಕೇತು ಎಂದ. ತಂದೆಯ ಹೆಸರಿಲ್ಲದೆ ನೋಟೀಸು ನಿಲ್ಲುವುದಿಲ್ಲ ಎಂದಾಗ ಧೂಮಕೇತು ಎಂದ. ಬದುಕಿದ್ದಾರಾ ಎಂದೆ. ಇಲ್ಲ ಎಂದ. ಸ್ಥಳ ಯಾವುದು, ಚಕ್ಕುಬಂದಿ ಏನು ಎಂದೆ.

“ಅಯ್ಯೋ ಭಾವ, ಯಾವುದೋ ಒಂದು ಗುಹೆ. ಏನಾದ್ರೂ ಬರ್ಕೊಳ್ಳಿ.”

ಏನಾದರೂ ಬರೆದುಕೊಳ್ಳುವ ವಂಶದಲ್ಲಿ ನಾನು ಹುಟ್ಟಿಲ್ಲ. ಅವ್ವನ ತೌರು ಬಸ್ತಿಹಳ್ಳಿ. ಅಲ್ಲಿ ಗುಡ್ಡದ ಬುಡದಲ್ಲಿ ಒಂದು ಬಂಡೆ, ಬಂಡೆಯ ಕೆಳಗೆ ಒಂದು ಗವಿ ಇರುವುದು ನೆನಪಾಯಿತು. ಪೂರ್ವಕ್ಕೆ ಏಕಾಂತಯ್ಯನವರ ತೆಂಗಿನ ತೋಟ, ಪಶ್ಚಿಮಕ್ಕೆ ಬಂಡಿಜಾಡು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಗೋಮಾಳ ಎಂದು ಕಣ್ಣಲ್ಲಿ ಕಂಡ ಹಾಗೆ ಬರೆದೆ. ಕೆಳಗೆ ಒಕ್ಕಣೆ:

‘ಅಗ್ನಿಕೇತು ಬಿನ್ ಲೇಟ್ ಧೂಮಕೇತು ಆದ ನೀವು ಸದರಿ ಗುಹೆಯನ್ನು ಸುಮಾರು ನಾಲ್ಕುನೂರು ವರ್ಷಗಳಿಂದ ಯಾವುದೇ ಮಂಜೂರಾತಿ ಇಲ್ಲದೆ ಒತ್ತುವರಿ ಮಾಡಿಕೊಂಡು, ಆಗಾಗ್ಗೆ ಬೆಂಕಿ ಉಗುಳಿ ಸಾರ್ವಜನಿಕರಿಗೆ ತೊಂದರೆ ಉಂಟುಮಾಡುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ನೋಟೀಸು ತಲುಪಿದ ಏಳು ದಿನಗಳೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಏಕಪಕ್ಷೀಯವಾಗಿ ಕ್ರಮ ಜರುಗಿಸಲಾಗುವುದು.’

ಮುನ್ನೂರು ಕತ್ತಿ ಕಂಡಿದ್ದ ಆ ಡ್ರ್ಯಾಗನ್ ಒಂದು ಕಾಗದವನ್ನು ಕಂಡಿರಲಿಲ್ಲ. ಓದಿ, “ಸಮಜಾಯಿಷಿ ಅಂದ್ರೆ ಏನು?” ಎಂದು ಕೇಳಿತು. ಕಚೇರಿಗೆ ಬಾ, ಹೇಳುತ್ತೇನೆ ಎಂದೆ. ಬಂತು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬಾ ಎಂದೆ. ನಾಳೆ ಬಂತು. ಎರಡು ಜೆರಾಕ್ಸ್ ಪ್ರತಿ ಬೇಕು ಎಂದೆ. ತಂದಿತು. ಇದಕ್ಕೆ ದೃಢೀಕರಣ ಆಗಬೇಕಲ್ಲ ಎಂದೆ. ನಾಲ್ಕನೇ ಸಲ ಗುಡ್ಡ ಇಳಿದು ಬಂದಾಗ ಸ್ವಾಮಿಯ ದನಿ ನಿಜವಾಗಿಯೂ ಸೋತಿತ್ತು. “ಬೇಡಪ್ಪ ನಿನ್ನ ಗುಹೆ, ನೀನೇ ಇಟ್ಕೋ” ಎಂದು ಹೇಳಿ ಡ್ರ್ಯಾಗನ್ ದಕ್ಷಿಣ ದಿಕ್ಕಿಗೆ ಹಾರಿಹೋಯಿತು.

ಸ್ವಾಮಿ ದಾಳವನ್ನು ಕೆಳಗಿಟ್ಟ. “ಐನೂರು ಅಂಕ ಭಾವ. ನಮ್ಮ ಹಾಸ್ಟೆಲ್ಲಲ್ಲಿ ಇಷ್ಟು ಯಾರೂ ತಗೊಂಡಿಲ್ಲ.”

ಎದೆ ಉಬ್ಬಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸಂಜೆ ನಾಲ್ಕಕ್ಕೆ ಅವ್ವ ಬೋರಿನ ಹತ್ತಿರ “ನಮ್ಮ ನಟ್ರಾಜ ಒಂದು ದೊಡ್ಡ ಹಾವನ್ನ ಬರೀ ಪೆನ್ನಾಗೆ ಓಡಿಸ್ದ” ಎಂದು ಹೇಳುತ್ತಿದ್ದಳು. ನಾನು ಕೇಳದವನ ಹಾಗೆ ಎರಡು ಸಲ ಆ ದಾರಿಯಲ್ಲಿ ಓಡಾಡಿದೆ. ಅಷ್ಟರಲ್ಲಿ ಮಂಜುಳಾ ಮೇಜು ಒರೆಸಿ, ಅಲ್ಲಿದ್ದ ಕಾಗದವನ್ನೆಲ್ಲ ಜೋಡಿಸಿ ನನ್ನ ಕಚೇರಿ ಚೀಲಕ್ಕೆ ಹಾಕಿಟ್ಟಳು.

ಸೋಮವಾರ ಕಚೇರಿಯಲ್ಲಿ ಎಣಿಸಿದರೆ ಮೂವತ್ತೊಂದು ನೋಟೀಸು. ಯಾವನನ್ನೋ ಮರೆತಿದ್ದೆ, ಸದ್ಯ ಸೇರಿಸಿದ್ದೇನೆ ಎಂದು ಸಮಾಧಾನಪಟ್ಟುಕೊಂಡು ಮೂವತ್ತೊಂದಕ್ಕೂ ನಂಬರು ಹಾಕಿದೆ. ಶಿರಸ್ತೇದಾರ್ ಹನುಮಂತಯ್ಯನವರು ಫೋನಿನಲ್ಲಿ ಮಾತಾಡುತ್ತಲೇ ಮೂವತ್ತೊಂದು ಮೂಲೆಗೂ ಚಿಕ್ಕ ಸಹಿ ಎಳೆದರು. ಹೊಸದಾಗಿ ಬಂದಿದ್ದ ನಮ್ಮ ಅಧಿಕಾರಿ ಲತಾಮಣಿ ಮೇಡಂ ಅವರನ್ನು ಹಾಸನದ ಮೀಟಿಂಗಿಗೆ ಕರೆದೊಯ್ಯಲು ಜೀಪು ಆಗಲೇ ಗುರುಗುಟ್ಟುತ್ತಿತ್ತು. ಮೇಡಂ ನಿಂತಲ್ಲೇ ಮೂವತ್ತೊಂದು ಸಹಿ ಹಾಕಿದರು. ಮೊಹರು ಹೊಡೆದು, ಕಡತಕ್ಕೆ ಒಂದೊಂದು ಜೆರಾಕ್ಸ್ ಪ್ರತಿ ತೆಗೆಸಿಟ್ಟವನು ನಾನೇ.

ಬಸ್ತಿಹಳ್ಳಿಯ ಗ್ರಾಮಲೆಕ್ಕಿಗ ಗಂಗಯ್ಯನವರು ಬಹಳ ಅನುಭವಸ್ಥರು. ತನ್ನ ವೃತ್ತದಲ್ಲಿ ತನಗೆ ಗೊತ್ತಿಲ್ಲದ ಒಬ್ಬ ಮನುಷ್ಯ ಇದ್ದಾನೆ ಎಂದು ಒಪ್ಪಿಕೊಂಡ ಗ್ರಾಮಲೆಕ್ಕಿಗ ಈವರೆಗೆ ಹುಟ್ಟಿಲ್ಲ. ಅಗ್ನಿಕೇತು ಯಾರು ಎಂದು ಅವರು ಯಾರನ್ನೂ ಕೇಳಲಿಲ್ಲ. ಚಕ್ಕುಬಂದಿ ಹಿಡಿದು ನೇರವಾಗಿ ಗವಿಗೆ ಹೋದರು, ಏಕೆಂದರೆ ಚಕ್ಕುಬಂದಿ ಅಷ್ಟು ಕರಾರುವಾಕ್ಕಾಗಿತ್ತು. ಅಲ್ಲಿ ಹನ್ನೊಂದು ಆಡುಗಳ ಹೊರತು ಯಾರೂ ಇರಲಿಲ್ಲ. ಆಳು ಸಿಗದಿದ್ದರೆ ನೋಟೀಸನ್ನು ಬಾಗಿಲಿಗೆ ಅಂಟಿಸಿ, ಪಂಚರ ಸಹಿ ಪಡೆದು, ಮಹಜರು ಬರೆದರೆ ಜಾರಿಯಾದಂತೆಯೇ ಲೆಕ್ಕ. ಬಂಡೆಗೆ ಅಂಬಲಿ ಹಚ್ಚಿ ಅಂಟಿಸಿದರು. ಎರಡು ನಿಮಿಷಕ್ಕೆ ಒಂದು ಆಡು ಅದನ್ನು ಅಂಬಲಿ ಸಮೇತ ತಿಂದುಹಾಕಿತು. ಇದು ಮಹಜರಿನಲ್ಲಿ ಇಲ್ಲ. ಪಂಚರಾಗಿ ಪಕ್ಕದ ತೋಟದಿಂದ ಏಕಾಂತಯ್ಯನವರು ಬಂದು, ಕನ್ನಡಕ ಇಲ್ಲದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ‘ಒತ್ತುವರಿ ತೆರವು’ ಎಂಬುದಷ್ಟೇ ಅವರ ಕಿವಿಗೆ ಬಿದ್ದದ್ದು. ತೋಟಕ್ಕೆ ತಾಗಿದ ಜಾಗ ಖಾಲಿಯಾಗುತ್ತಿದೆ ಎಂದು ತಿಳಿದು ಅವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ಬುಧವಾರ ಮಹಜರು ನನ್ನ ಮೇಜಿಗೆ ಬಂತು. ಮೊದಲು ನಂಬರು ಹಾಕಿದೆ. ಆಮೇಲೆ ಓದಿದೆ.

‘...ಸದರಿ ಅಗ್ನಿಕೇತುವು ಸ್ಥಳದಲ್ಲಿ ಹಾಜರಿರುವುದಿಲ್ಲ. ಸದರಿಯವರು ಗುಹೆಯನ್ನು ಬಿಟ್ಟು, ಬಾಣಾವರದಲ್ಲಿ ರೈಲು ಹತ್ತಿ, ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿರುವುದಾಗಿ ಅಕ್ಕಪಕ್ಕದವರು ತಿಳಿಸಿರುತ್ತಾರೆ. ಸ್ಥಳದಲ್ಲಿ ಮುನಿಯಮ್ಮ ಎಂಬುವರ ಹನ್ನೊಂದು ಆಡುಗಳು ಕಂಡುಬಂದವು.’

ಮೂವತ್ತೊಂದನೆಯ ನೋಟೀಸು ಯಾವುದೆಂದು ಆಗ ಹೊಳೆಯಿತು. ಸರ್ಕಾರಿ ಮೊಹರಿನಲ್ಲಿ ಡ್ರ್ಯಾಗನ್ನಿಗೆ ನೋಟೀಸು ಕಳಿಸಿದ ಗುಮಾಸ್ತನಿಗೆ ಬಡ್ತಿ ಕೊಡುತ್ತಾರೋ ಮನೆಗೆ ಕಳಿಸುತ್ತಾರೋ ಎಂದು ಕೈಪಿಡಿ ತೆಗೆದು ನೋಡಿದೆ. ಅಂಥ ಪ್ರಕರಣ ಅದರಲ್ಲಿರಲಿಲ್ಲ.

ಮನೆಗೆ ಬಂದರೆ ಜಗಲಿಯ ಮೇಲೆ ಅವ್ವ, ಅವಳ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮುನಿಯಮ್ಮ. ಇಬ್ಬರೂ ಬಸ್ತಿಹಳ್ಳಿಯಲ್ಲಿ ಒಟ್ಟಿಗೆ ಲಂಗ ಉಟ್ಟು ಆಡಿ ಬೆಳೆದವರು. ಗಂಡ ತೀರಿಕೊಂಡ ಮೇಲೆ ಆ ಹನ್ನೊಂದು ಆಡೇ ಅವಳ ಸಂಸಾರ, ಅವನ್ನು ರಾತ್ರಿ ಕೂಡಿಹಾಕುವ ಆ ಗವಿಯೇ ಅವಳ ಆಸ್ತಿ. ಬರೆಯುವಾಗ ಗವಿ ನೆನಪಾದ ನನಗೆ ಗವಿಯೊಳಗಿನ ಮುನಿಯಮ್ಮ ನೆನಪಾಗಿರಲಿಲ್ಲ.

“ಇಪ್ಪತ್ತು ವರ್ಸ್ದಿಂದ ಅಲ್ಲೇ ಕೂಡ್ತಿವ್ನಿ ಮಗ. ಒಬ್ರೂ ಬಂದು ಇದು ನಂದು ಅಂದಿರ್ನಿಲ್ಲ. ಈಗ ಯಾವನೋ ಅಗ್ನಿಕೇತು ಅಂತೆ, ಅವನದಂತೆ, ಅವನ್ನ ಎಬ್ಬಿಸ್ತಾರಂತೆ. ಏಕಾಂತಯ್ಯನೋರು ಬ್ಯಾರೆ ನಂಗೆ ಬರ್ಕೊಡಿ ಅಂತ ಅರ್ಜಿ ಹಾಕ್ತಾರಂತೆ. ಮಳೆ ಹಿಡ್ಕಂಡ್ರೆ ನನ್ನ ಆಡ ಎಲ್ಲಿ ಕಟ್ಲಿ?”

“ಯಾವನ್ಲಾ ಆ ಮನೆಹಾಳ?” ಎಂದು ಅವ್ವ ನನ್ನ ಮೇಲೆ ಬಿದ್ದಳು. “ನಾನು ಬಸ್ತಿಹಳ್ಳಿಯಾಗೇ ಹುಟ್ಟಿದೋಳು, ಅಂಥೋನ್ನ ಒಂದಿನ ನೋಡ್ನಿಲ್ಲ! ನೀನು ಆಪೀಸ್ನಾಗೆ ಇದ್ಕಂಡು ಏನ್ ಮಾಡ್ತಿದ್ದೆ? ಯಾವ ಮುಂಡೇದು ಬರ್ದಿದ್ದು ಆ ನೋಟೀಸ?”

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಮಂಜುಳಾ ಎಲ್ಲ ಕೇಳಿಕೊಂಡು, ತಲೆಯ ಮೇಲೆ ಕೈ ಹೊತ್ತು, “ಹೋಗಿ ಮೇಡಂ ಹತ್ರ ಇದ್ದದ್ದು ಇದ್ದಂಗೆ ಹೇಳ್ಬಿಡ್ರಿ” ಎಂದಳು.

“ಬಡ್ತಿ?”

“ಆ ಮುದುಕಿ ಮುಖ ನೋಡಿದ್ರಾ?”

ಎಸ್‌ಟಿಡಿ ಬೂತಿಗೆ ಹೋಗಿ ಹಾಸ್ಟೆಲ್ಲಿಗೆ ಫೋನು ಮಾಡಿದೆ. ಸ್ವಾಮಿ ಮೊದಲು ಐದು ನಿಮಿಷ ನಕ್ಕ. ನನ್ನ ದುಡ್ಡಿನಲ್ಲಿ ನಕ್ಕ. ಆಮೇಲೆ ಹೇಳಿದ, “ಭಾವ, ಯಾರ ಮೇಲೂ ಬೀಳ್ಬೇಡಿ. ಹೊಡೆದಾಡಿದ್ರೆ ಹತ್ತೇ ಅಂಕ.”

ಮಾರನೇ ದಿನ ಏಕಾಂತಯ್ಯನವರು ದರಖಾಸ್ತು ಅರ್ಜಿ ಹಿಡಿದು ನನ್ನ ಮೇಜಿನ ಮುಂದೆಯೇ ಬಂದು ನಿಂತರು. ಅಗ್ನಿಕೇತು ಬಿಡುವ ಜಾಗವನ್ನು ತಮಗೆ ಮಂಜೂರು ಮಾಡಬೇಕು, ತೆಂಗಿನ ಕಾಯಿ ಸುಲಿಯುವ ಕೊಟ್ಟಿಗೆಗೆ ಬೇಕು ಎಂದಿತ್ತು. ನಾನು ಅವರನ್ನು ಕೈಹಿಡಿದು ಹುಣಿಸೇಮರದ ಕೆಳಗೆ ಕರೆದೊಯ್ದು ನಿಜ ಹೇಳಿಬಿಟ್ಟೆ.

“ಏಕಾಂತಯ್ಯನೋರೇ, ಆ ಅಗ್ನಿಕೇತು ಇಲ್ಲವೇ ಇಲ್ಲ. ಅವತ್ತು ನೀವು ಎದ್ದು ಹೋದ ಮೇಲೆ ಆಟದಲ್ಲಿ ಬಂದ ಡ್ರ್ಯಾಗನ್ನು ಅದು.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅವತ್ತು ನನ್ನ ಮೂರು ನಿಮಿಷಕ್ಕೆ ಸಾಯಿಸ್ದ್ರಿ. ಇವತ್ತು ಜಾಗಾನೂ ಆಟ ಅಂತೀರಾ? ನಮಗೇ ಟೋಪಿನಾ? ಅಗ್ನಿಕೇತೂನ ನಾನು ಚಿಕ್ಕಂದಿನಿಂದ ನೋಡಿದೀನಿ ಕಣ್ರೀ! ನಂಬರು ಹಾಕಿ, ಸುಮ್ನೆ.”

ನಂಬರು ಹಾಕಿದೆ.

ಏಳನೇ ದಿನ ವಿಚಾರಣೆ. ವರಾಂಡದಲ್ಲಿ ಜನವೋ ಜನ. ಬೇಲೂರಿನ ಬಸ್ಸು ತಪ್ಪಿದವರೂ ಏನೋ ಇದೆಯಂತೆ ಎಂದು ಬಂದು ನಿಂತಿದ್ದರು. ಮುನಿಯಮ್ಮ ಹನ್ನೊಂದು ಆಡುಗಳನ್ನೂ ಹೊಡೆದುಕೊಂಡು ಬಂದಿದ್ದಳು. ಬಿಟ್ಟುಬಂದರೆ ಅಷ್ಟರಲ್ಲಿ ಗವಿಗೆ ಬೀಗ ಹಾಕಿಬಿಟ್ಟರೆ ಎಂಬ ಭಯ ಅವಳಿಗೆ. ಜವಾನ ಬಾಗಿಲಲ್ಲಿ ನಿಂತು, ಪದ್ಧತಿಯಂತೆ, ಎದೆ ತುಂಬ ಉಸಿರು ಎಳೆದು ಕೂಗಿದ:

“ಅಗ್ನಿಕೇತೂ ಬಿನ್ ಲೇಟ್ ಧೂಮಕೇತೂ... ಹಾಜರ್!”

ಎಲ್ಲರೂ ರಸ್ತೆಯ ಕಡೆ ತಿರುಗಿ ನೋಡಿದರು. ಎರಡನೇ ಸಲ ಕೂಗಿದಾಗ ಶಿರಸ್ತೇದಾರ್ ಹನುಮಂತಯ್ಯನವರೂ ಎದ್ದು ಕಿಟಕಿಯಲ್ಲಿ ಬಗ್ಗಿದರು. ಮೂರನೇ ಸಲಕ್ಕೆ ಒಂದು ಆಡು ‘ಮ್ಯಾ’ ಎಂದಿತು. ಬೇರೆ ಯಾರೂ ಬರಲಿಲ್ಲ.

ಲತಾಮಣಿ ಮೇಡಂ ಕಡತ ತೆರೆದರು. “ಈ ಅಗ್ನಿಕೇತು ಎಂಥ ಮನುಷ್ಯ? ಯಾರಿಗೆ ಗೊತ್ತು?”

“ನಂಗೊತ್ತು ಮೇಡಂ,” ಎಂದು ಏಕಾಂತಯ್ಯನವರು ಮುಂದೆ ಬಂದರು. “ಬಲು ಜಗಳಗಂಟ. ನನ್ನ ವಾರಿಗೆಯೋನೇ. ಐವತ್ತೈದು, ಅರವತ್ತು ಇರ್ಬೋದು.”

“ಹೌದು ಮೇಡಂ, ಸ್ವಲ್ಪ ಕುಡಿತಾನೂ ಇತ್ತು,” ಎಂದರು ಗಂಗಯ್ಯನವರು, ಹಿಂದೆ ಬೀಳಬಾರದೆಂದು. “ನಾನು ಎಷ್ಟೋ ಸಲ ಬುದ್ಧಿ ಹೇಳಿದೀನಿ.”

“ಹಿಂದೆಯೂ ಇವನ ಮೇಲೆ ದೂರು ಇದ್ದ ನೆನಪು,” ಎಂದರು ಹನುಮಂತಯ್ಯನವರು ಗಂಭೀರವಾಗಿ.

ನಾನು ಎದ್ದು ನಿಂತೆ. ಕಚೇರಿಯ ದನಿಯಲ್ಲೇ ಹೇಳಿದೆ. “ಮೇಡಂ, ಆದೇಶಕ್ಕೆ ಮುಂಚೆ ಕಡತದಲ್ಲಿರೋ ನೋಟೀಸಿನ ಪ್ರತೀನ ಎಲ್ಲರ ಎದುರು ಗಟ್ಟಿಯಾಗಿ ಓದಿದ್ರೆ ಒಳ್ಳೇದು.”

“ಓದಿ.”

ಓದಿದೆ. ‘ನಾಲ್ಕುನೂರು ವರ್ಷಗಳಿಂದ’ ಎಂಬಲ್ಲಿ ಮೇಡಂ ತಲೆ ಎತ್ತಿದರು. ‘ಬೆಂಕಿ ಉಗುಳಿ’ ಎಂಬಲ್ಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರು ಬರೆದದ್ದು ಇದು?”

ಮೂವತ್ತೊಂದರಲ್ಲಿ ಎಲ್ಲೋ ಸೇರಿಕೊಂಡಿದೆ ಮೇಡಂ, ಗೊತ್ತಾಗುತ್ತಿಲ್ಲ ಎನ್ನಬಹುದಿತ್ತು. ಆದರೆ ಬಾಗಿಲ ಹತ್ತಿರ ಮುನಿಯಮ್ಮ ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದಳು. ಜೊತೆಗೆ, ಆ ಅಕ್ಷರವನ್ನು ನನ್ನದಲ್ಲ ಎನ್ನಲು ನನಗೆ ಬಾಯಿಯೂ ಬರಲಿಲ್ಲ.

“ನಾನೇ ಮೇಡಂ. ಮನೇಲಿ ಒಂದು ಆಟಕ್ಕೆ ಅಂತ ಬರೆದದ್ದು. ಡ್ರ್ಯಾಗನ್ನಿಗೆ. ಕೈತಪ್ಪಿ ಕಟ್ಟಿಗೆ ಸೇರಿಹೋಯ್ತು. ತಪ್ಪು ನಂದು.”

ಮೇಡಂ ಹಾಳೆಯನ್ನು ತಿರುಗಿಸಿ ನೋಡಿದರು. “ಕೆಳಗಿನ ಸಹಿ?”

“ತಮ್ಮದು ಮೇಡಂ.”

“ಮೂಲೇಲಿ?”

“ಶಿರಸ್ತೇದಾರರದು.”

“ಇದನ್ನ ಜಾರಿ ಮಾಡಿದ್ದು?”

“ಗಂಗಯ್ಯನವರು. ಅವನು ರೈಲು ಹತ್ತಿದ್ದನ್ನೂ ವಿಚಾರಿಸಿಕೊಂಡು ಬಂದಿದ್ದಾರೆ. ಪಂಚರು ಏಕಾಂತಯ್ಯನವರು. ಅವರು ಚಿಕ್ಕಂದಿನಿಂದ ಬಲ್ಲರು.”

ಮೇಡಂ ಶಿರಸ್ತೇದಾರರನ್ನು ನೋಡಿದರು. ಶಿರಸ್ತೇದಾರರು ಗಂಗಯ್ಯನವರನ್ನು ನೋಡಿದರು. ಗಂಗಯ್ಯನವರು ಏಕಾಂತಯ್ಯನವರನ್ನು ನೋಡಿದರು. ಏಕಾಂತಯ್ಯನವರು ತಿರುಗದೆ ನಿಂತಿದ್ದ ಫ್ಯಾನನ್ನು ನೋಡಿದರು.

“ಮೇಡಂ, ಅಪ್ಪಣೆ ಆದ್ರೆ ಒಂದು ಮಾತು,” ಎಂದೆ. “ಅಗ್ನಿಕೇತು ಇಲ್ಲ ಅಂತ ಬರೆದ್ರೆ, ಇಲ್ಲದವನಿಗೆ ನೋಟೀಸು ಕೊಟ್ಟ ತಪ್ಪು ನಂದು, ಒಪ್ಪಿಕೊಳ್ತೀನಿ. ಆದ್ರೆ ಈ ಮಹಜರು ಸುಳ್ಳಾಗುತ್ತೆ. ಇಲ್ಲದವನ ಕುಡಿತ ಬಿಡಿಸೋಕೆ ಗಂಗಯ್ಯನವರು ಬುದ್ಧಿ ಹೇಳಿದ್ದೂ, ಏಕಾಂತಯ್ಯನವರು ಕಂಡದ್ದೂ ಎಲ್ಲಾ ವಿಚಾರಣೆಗೆ ಬರುತ್ತೆ. ಇದ್ದಾನೆ ಅಂತ ಬರೆದ್ರೆ, ಅವನು ಗವಿ ಬಿಟ್ಟು ಹೋಗಿದ್ದಾನೆ ಅಂತ ಮಹಜರಿನಲ್ಲೇ ಇದೆ. ಈಗ ಅಲ್ಲಿರೋದು ಮುನಿಯಮ್ಮನ ಆಡು ಅಂತಾನೂ ಅದರಲ್ಲೇ ಇದೆ, ಪಂಚರ ಸಹಿ ಸಮೇತ. ಪಂಚರಾಗಿ ಸಹಿ ಹಾಕಿದ ಏಕಾಂತಯ್ಯನವರು ಅದೇ ಜಾಗ ಖಾಲಿ ಇದೆ, ನಂಗೆ ಕೊಡಿ ಅಂತ ಅರ್ಜಿ ಹಾಕೋಕೆ ಬರಲ್ಲ.”

“ನನ್ನ ಅರ್ಜಿ ವಾಪಸ್ ಕೊಡ್ರೀ ನಟರಾಜ್!” ಎಂದು ಏಕಾಂತಯ್ಯನವರು ಟವೆಲಿನಿಂದ ಮುಖ ಒರೆಸಿಕೊಂಡರು.

“ವಾಪಸ್ ಬೇಕು ಅನ್ನೋದಕ್ಕೂ ಒಂದು ಅರ್ಜಿ ಕೊಡಿ, ನಂಬರು ಹಾಕ್ತೀನಿ.”

ಮೇಡಂ ಪೆನ್ನಿನ ಟೋಪಿ ತೆಗೆದರು. ಆಮೇಲೆ ಬರೆದರು. ಆ ಆದೇಶದ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ: ‘ಎದುರುದಾರ ಅಗ್ನಿಕೇತು ಗುಹೆಯನ್ನು ತೆರವು ಮಾಡಿ ಹೋಗಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಿದೆ. ಸದರಿ ಸ್ಥಳದಲ್ಲಿ ಇಪ್ಪತ್ತು ವರ್ಷಗಳಿಂದ ಆಡು ಕೂಡಿಹಾಕುತ್ತಿರುವ ಮುನಿಯಮ್ಮನವರಿಗೆ ಯಾರೂ ಯಾವುದೇ ರೀತಿಯ ತೊಂದರೆ ಕೊಡತಕ್ಕದ್ದಲ್ಲ.’

ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಬಡ್ತಿ ಪಟ್ಟಿ ತೆಗೆದು, ನನ್ನ ಕಣ್ಣೆದುರಿಗೇ, ಮೊದಲನೆಯ ಹೆಸರಿನ ಮೇಲೆ ಕೆಂಪು ಗೀಟು ಎಳೆದರು. “ಒಂದು ವರ್ಷ ಇದೇ ಮೇಜು ನಟರಾಜ್. ಇದಕ್ಕಿಂತ ಕಡಿಮೆ ಮಾಡೋಕೆ ಆಗಲ್ಲ.”

“ಸರಿ ಮೇಡಂ.”

ಬಾಗಿಲವರೆಗೆ ಹೋಗಿದ್ದೆ. “ಆಟದಲ್ಲಿ ಕೊನೆಗೆ ಅವನು ಏನಾದ?”

“ನಾಲ್ಕು ಸಲ ಕಚೇರಿಗೆ ಅಲೆದು, ಬೇಜಾರಾಗಿ ಊರು ಬಿಟ್ಟ ಮೇಡಂ.”

ಅವರು ಕಡತದಲ್ಲಿ ಮುಖ ಹುದುಗಿಸಿಕೊಂಡರು. ಭುಜ ಅಲುಗುತ್ತಿತ್ತು. “ಚಕ್ಕುಬಂದಿ ಮಾತ್ರ ಬಹಳ ಚೆನ್ನಾಗಿ ಬರೆದಿದ್ದೀರಿ. ಹೋಗಿ.”

ಬಡ್ತಿ ಹೋದ ಸುದ್ದಿಯನ್ನು ಅವ್ವನಿಗೆ ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಬಾಗಿಲಲ್ಲಿದ್ದ ಜವಾನನ ಬಾಯಿಂದ ನನಗಿಂತ ಮುಂಚೆ ಸುದ್ದಿ ಬಂದಿತ್ತು. ಅವ್ವ ಬೋರಿನ ಹತ್ತಿರ ನಿಂತು ಹೇಳುತ್ತಿದ್ದಳು, “ಬಡ್ತಿ ಯಾರಿಗ್ ಬೇಕು? ಬಡ್ತಿ ವರ್ಸಾ ವರ್ಸಾ ಬತ್ತದೆ. ಮುನಿಗೆ ಗವಿ ಉಳಿಸ್ಕೊಟ್ಟ ನನ್ ಮಗ. ಅವರಪ್ಪ ನೋಟೀಸ ಹಂಚ್ತಿದ್ದ, ಇವ್ನು ನೋಟೀಸ್ನಾಗೇ ರಾಕ್ಷಸನ್ನ ಓಡಿಸ್ತಾನೆ!” ಈ ಸಲ ನಾನು ಕೇಳದವನ ಹಾಗೆ ಹೋಗಲಿಲ್ಲ. ಅಲ್ಲೇ ನಿಂತು ಪೂರ್ತಿ ಕೇಳಿದೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಮುನಿಯಮ್ಮ ಒಂದು ಕುಂಬಳಕಾಯಿ ಹೊತ್ತು ನಮ್ಮ ಮನೆಗೆ ಬಂದಳು. ಕುಂಬಳಕಾಯಿ ಇಳಿಸಿ, ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು, “ಮಗ, ಒಂದು ಕಾಗ್ದ ಬರ್ಕೊಡು” ಎಂದಳು.

“ಯಾರಿಗೆ?”

“ಆ ಅಗ್ನಿಕೇತಪ್ಪಂಗೆ. ನೀನು ಅವತ್ತು ಅದೇನೋ ಆಟ ಅಂದೆ, ಮೇಡಮ್ಮನೋರು ಅವನು ಗವಿ ಬಿಟ್ಟು ಹೋದ ಅಂತ್ಲೇ ಬರ್ದವ್ರಲ್ಲ. ಜನ ಅವನ್ನ ಜಗಳಗಂಟ ಅಂದ್ರು, ಕುಡುಕ ಅಂದ್ರು. ಒಂದು ಮಾತಾಡ್ದಂಗೆ ಗವಿ ಬಿಟ್ಟುಕೊಟ್ಟು ಹೋದ್ನಲ್ಲ ಪುಣ್ಯಾತ್ಮ. ಒಡಹುಟ್ಟಿದೋರು ಬಿಡ್ತಾರಾ ಈ ಕಾಲ್ದಾಗೆ? ಬೆಂಗ್ಳೂರಾಗೆ ಉಂಡ್ನೋ ಇಲ್ವೋ.”

ಅವ್ವ ನನ್ನನ್ನೇ ನೋಡುತ್ತಿದ್ದಳು. ಮಂಜುಳಾ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಿದ್ದಳು. ನಾನು ಒಳ್ಳೆಯ ಹಾಳೆ ತೆಗೆದುಕೊಂಡು ಕೂತೆ.

“ಬರಿ. ಆಡು ಎರಡು ಮರಿ ಹಾಕೈತೆ ಅಂತ ಬರಿ. ಚಳಿಗಾಲ್ದಾಗೆ ಬರಂಗಿದ್ರೆ ಬರ್ಲಿ, ಒಂದು ಮೂಲೆ ಅವನಿಗೇ ಅಂತ ಖಾಲಿ ಮಡಗಿವ್ನಿ. ಮುದ್ದೆ ನಾನೇ ಹಾಕ್ತೀನಿ.” ಸ್ವಲ್ಪ ಯೋಚಿಸಿದಳು. “ಬೀಡಿ ಗೀಡಿ ಸೇದಂಗಿಲ್ಲ ಅಂತ ಮಾತ್ರ ಬರಿ ಮಗ. ಒಳಗೆ ಹುಲ್ಲು ಐತೆ, ಬೆಂಕಿ ಹತ್ಕಂಡ್ರೆ ಕಷ್ಟ.”

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಕೆಳಗೆ ಹೆಬ್ಬೆಟ್ಟು ಒತ್ತಿಸಿದೆ. ಮಾರನೇ ದಿನ ಕಚೇರಿಯಲ್ಲಿ, ನಿಯಮಕ್ಕೆ ವಿರುದ್ಧವಾಗಿ, ತಿಳಿದೂ ತಿಳಿದೂ, ಅದಕ್ಕೆ ಹೊರಹೋಗುವ ಪತ್ರದ ನಂಬರು ಹಾಕಿದೆ. ಲಕೋಟೆಯ ಮೇಲೆ ‘ಶ್ರೀ ಅಗ್ನಿಕೇತು ಬಿನ್ ಲೇಟ್ ಧೂಮಕೇತು, ಬೆಂಗಳೂರು’ ಎಂದು ಬರೆದು ನನ್ನ ಕೈಯಾರೆ ಡಬ್ಬಿಗೆ ಹಾಕಿದೆ. ಹಿಂಬದಿಯಲ್ಲಿ ನನ್ನ ಮನೆಯ ವಿಳಾಸ ಸ್ಪಷ್ಟವಾಗಿ ಬರೆದಿದ್ದೆ.

ವಿಳಾಸದಾರರು ಸಿಗಲಿಲ್ಲ ಎಂದು ಆ ಕಾಗದ ಇವತ್ತಿನವರೆಗೂ ವಾಪಸು ಬಂದಿಲ್ಲ.